ಲಂಗ ಉಟ್ಟ ಸಿಪಾಯಿಗಳು

ಬಾಗಿಲ ಹೊರಗೆ ಓಬಳೆಪ್ಪ ದನಿ ತಗ್ಗಿಸಿ ಕೇಳಿದ್ದು ಒಳಗೆ ಕೂತಿದ್ದ ಗಾಳೆಮ್ಮನ ಕಿವಿಗೆ ಬಿತ್ತು.

"ಅತ್ತಿ ಮುಂದ ಮಾತು ತಗದೀಯೇನು?"

"ಇನ್ನಾ ಇಲ್ರಿ," ಎಂದಳು ಸೊಸೆ ಶ್ವೇತಾ. "ಈಗ ಅವ್ರು ಯಾವ ಮಾತೂ ಕಿವಿಗೆ ಹಾಕ್ಕೊಳ್ಳಂಗಿಲ್ರಿ."

"ಅವಸರಿಲ್ಲ. ನಾ ಕಾಯ್ತೀನಿ."

ಗಾಳೆಮ್ಮ ಗೊಂಬೆಯ ಮೇಲಿಂದ ಕುಂಚ ಎತ್ತಲಿಲ್ಲ. ಕಿರುಬೆರಳುದ್ದದ ಆ ಸಿಪಾಯಿಯ ಲಂಗದ ಮೇಲೆ ಹಳದಿ ಗೆರೆ ಅರ್ಧಕ್ಕೆ ಬಂದಿತ್ತು. ಅದನ್ನು ಕೊನೆಯವರೆಗೂ ಎಳೆದಳು. ಗೆರೆ ನಡುಗಲಿಲ್ಲ. ಎದೆಯಲ್ಲೂ ಏನೂ ಆಗಲಿಲ್ಲ.

ಕಾಲುವೆಗಿಳಿದ ಮಗ ದುರಗೇಶ ಜೀವಂತ ಮೇಲೆ ಬಾರದ ದಿನದಿಂದ ಹೀಗೇ. ಉಣ್ಣು ಎಂದರೆ ಉಣ್ಣುವಳು, ಮಲಗು ಎಂದರೆ ಮಲಗುವಳು. ಒಮ್ಮೆಯೂ ಅತ್ತಿರಲಿಲ್ಲ.

ಈ ಕೆಲಸ ತಂದವನು ಅವನೇ. ಗಂಗಾವತಿಯ ವ್ಯಾಪಾರಿಯೊಬ್ಬ ಹೊರದೇಶಕ್ಕೆ ಕಳಿಸುವ ಸ್ಕಾಟ್ಲೆಂಡಿನ ಸಿಪಾಯಿ ಗೊಂಬೆಗಳು. ಬಣ್ಣ ಹಚ್ಚಿ ಕೊಡಬೇಕು. "ಗಂಡಸ್ರು ಲಂಗಾ ಉಟ್ಕೊಂಡು ಯುದ್ಧಕ್ಕ ಹೋಗ್ತಿದ್ರೇನೋ?" ಎಂದು ಅವಳು ಕೇಳಿದಾಗ ದುರಗೇಶ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಮುಖ, ಮೀಸೆ ಬರೆಯುವುದು ಶ್ವೇತಾ. ಲಂಗದ ಚೌಕಳಿ ಗಾಳೆಮ್ಮನದು. ಮೊದಲು ಹಸಿರು ಒಣಗಬೇಕು. ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಕಡುನೀಲಿ ಪಟ್ಟಿ. ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಹಳದಿ. ಆ ಹಳದಿಗೆ ಉಸಿರು ಬಿಗಿಹಿಡಿಯಬೇಕು. ಉಸಿರು ಹಿಡಿದಷ್ಟು ಹೊತ್ತು ಏನೂ ನೆನಪಾಗುತ್ತಿರಲಿಲ್ಲ.

ಓಬಳೆಪ್ಪ ಗಂಗಾವತಿಯಿಂದ ಇವರೂರು ಹುಲಿಹೈದರಕ್ಕೆ ಬೈಕಿನಲ್ಲಿ ಗೊಂಬೆ ತರುವವನು, ಒಯ್ಯುವವನು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಹರೆಯದ ಸೊಸೆಗೆ ಇಂಥವನು ಗಂಡನೇ, ಎಂದುಕೊಂಡಳು ಗಾಳೆಮ್ಮ. ಆ ಯೋಚನೆಯೂ ಯಾರದೋ ಮನೆಯ ಸುದ್ದಿಯಂತೆ ಬಂದು ಹೋಯಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಓಬಳೆಪ್ಪ ಬಂದೊಡನೆ ಶ್ವೇತಾ ಚಹಾ ಇಡಲು ಒಳಗೆ ಹೋಗುವಳು, ಬೇಗ ಹೊರಗೆ ಬಾರಳು. ನಾಚಿಕೆ ಇದ್ದೀತು. ಅವನು ಕುರ್ಚಿಯ ತುದಿಗೆ ಕೂತು ಸಿಪಾಯಿಗಳನ್ನು ಕೈಯಲ್ಲಿ ತಿರುವಿ ತಿರುವಿ ನೋಡುವನು. "ಗೆರಿ ಭಾಳ ಛಂದ ಬಂದಾವ್ರಿ," ಎನ್ನುವನು. ಅತ್ತೆಯನ್ನು ಒಲಿಸಿಕೊಳ್ಳುವ ಮಾತು. ಗಾಳೆಮ್ಮ ತಲೆ ಎತ್ತುತ್ತಿರಲಿಲ್ಲ.

ಅಳವಂಡಿಯಿಂದ ಶ್ವೇತಾಳ ಅಪ್ಪ ಮಗಳನ್ನು ಕರೆದೊಯ್ಯಲು ಬಂದ.

"ಅತ್ತೀನ ಒಬ್ಬಾಕೀನ್ನ ಬಿಟ್ಟು ನಾ ಬರಂಗಿಲ್ಲಪ್ಪ," ಎಂದಳು ಆಕೆ.

ಅಪ್ಪ ಒಬ್ಬನೇ ಬಸ್ಸು ಹತ್ತಿದ. ಆ ಮಾತು ಮಾತ್ರ ಗಾಳೆಮ್ಮನಿಗೆ ಒಳಗೆಲ್ಲೋ ತಾಕಿತು. ತನ್ನ ಸಲುವಾಗಿ ಈ ಹುಡುಗಿ ಇಲ್ಲೇ ಒಣಗಬಾರದು.

ಮುಂದಿನ ಸಲ ಬೈಕಿನ ಸದ್ದು ಕೇಳಿದಾಗ ಅವಳು ಕುಂಚ ಕೆಳಗಿಟ್ಟಳು.

"ಶ್ವೇತಾ, ಓಬಳೆಪ್ಪ ಛಲೋ ಮನಿಷಾ ಅದಾನ. ನನಗ ಎಲ್ಲಾ ಗೊತ್ತೈತಿ."

ಶ್ವೇತಾ ಬೆರಗಾಗಿ ನೋಡಿದಳು. "ಅಂದ್ರ, ಒಪ್ಪಿದ್ರೇನ್ರಿ ಅತ್ತಿ?"

"ಒಪ್ಪೀನಿ. ಗಂಡ ಸತ್ತಾಕಿ ಉಡಿಕಿ ಮದಿವಿ ಆಗೂದು ನಮ್ಮ ಮಂದ್ಯಾಗ ಹೊಸಾದೇನಲ್ಲ. ಊರವ್ರು ಏನರ ಅನ್ಲಿ."

"ಆಮ್ಯಾಲ ಮಾತು ತಿರುವಬ್ಯಾಡ್ರಿ ಮತ್ತ."

"ಇಲ್ಲ."

ಶ್ವೇತಾ ಬಾಗಿಲಿಗೆ ಓಡಿದಳು. "ಒಪ್ಯಾರ್ರಿ," ಎಂದಳು.

ಓಬಳೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಶ್ವೇತಾಳನ್ನು ದಾಟಿ ಬಂದು ಗಾಳೆಮ್ಮನೆದುರು ನೆಲದ ಮೇಲೆ ಕೂತ.

"ನಿಮ್ಮನ್ನ ಛಂದ ನೋಡ್ಕೋತೀನ್ರಿ. ಶ್ವೇತಾ ನನಗೂ ಮಗಳಿದ್ದಂಗ," ಎಂದ.

ಹದಿನೈದಕ್ಕೆ ಮದುವೆಯಾಗಿ, ಹದಿನಾರಕ್ಕೆ ದುರಗೇಶನನ್ನು ಹೆತ್ತು, ಅವನಿನ್ನೂ ತೊಟ್ಟಿಲಲ್ಲಿರುವಾಗಲೇ ಗಂಡನನ್ನು ಕಳೆದುಕೊಂಡ ಗಾಳೆಮ್ಮನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.