ಕೆರೆಗೆ ಮೀಸೆಮೀನು ಬಿಟ್ಟವರು

ಎರಡು ವರ್ಷದಿಂದ ದ್ಯಾವಯ್ಯನ ಬಲೆಗೆ ಗೆಂಡೆಮೀನು ಬೀಳುವುದೇ ಅಪರೂಪವಾಗಿತ್ತು. ಬಿದ್ದರೆ ಮೀಸೆಯ ಕ್ಯಾಟ್‌ಫಿಶ್. ಹೊಟ್ಟೆ ಸೀಳಿದರೆ ಒಳಗೆಲ್ಲ ಗೆಂಡೆಮರಿಗಳು. ಆ ಹಾಳು ಮೀನು ಈ ಕೆರೆಯದಲ್ಲ, ಯಾರೋ ತಂದು ಬಿಡುತ್ತಿದ್ದಾರೆ. ಆ ಯಾರೋ ಆಚೆ ದಡದ ಮರಿಯಯ್ಯನೇ ಎಂದು ಅವನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದ. ಕೊನೆಗೊಂದು ದಿನ ಕೇಳಿಯೇಬಿಟ್ಟ.

"ನನ್ ಅನ್ನಕ್ಕೆ ಕಲ್ಲು ಹಾಕ್ತಿರೋನು ನೀನೇ ಅಲ್ವೇನ್ಲಾ?"

"ನನ್ ಬಲೇನೂ ಬರಿದೇ ಕನ, ಬಂದು ನೋಡು," ಮರಿಯಯ್ಯ ನಕ್ಕ. "ಅವು ಜಾಸ್ತಿ ಇರೋದೇ ನಿನ್ ದಡದಾಗೆ. ಮೊದ್ಲು ನಿನ್ ದಡದ ಮೆಟ್ಲು ಕಾಯಿ, ಆಮೇಲೆ ನನ್ ತಾವ ಬಾ."

ನಗುವವನನ್ನು ನಂಬುವುದು ಹೇಗೆ? ಆದರೂ ದ್ಯಾವಯ್ಯ ವಾರಪೂರ್ತಿ ಬೆಳಬೆಳಗ್ಗೆ ತನ್ನ ದಡದ ಜೊಂಡಿನ ಮರೆಯಲ್ಲಿ ಕೂತ. ಶುಕ್ರವಾರ ಬೆಳಕು ಹರಿಯುವಾಗ ತಲೆತುಂಬ ಹೊದ್ದುಕೊಂಡವರೊಬ್ಬರು ಬಕೆಟ್ ಹಿಡಿದು ಕೆರೆಯ ಮೆಟ್ಟಿಲು ಇಳಿದರು. ಗಂಗಮ್ಮನ ಕಲ್ಲಿಗೆ ಕೈಮುಗಿದು ಬಕೆಟ್ ಬಗ್ಗಿಸಿದರು. ಮೀಸೆಮೀನೆರಡು ಪುಳಕ್ಕನೆ ನೀರಿನಲ್ಲಿ ಮುಳುಗಿದವು.

ಅವನು ಒಂದೇ ನೆಗೆತಕ್ಕೆ ಹೋಗಿ ಕೈ ಹಿಡಿದ. ಬಳೆ ಘಲ್ಲೆಂದವು. ಹೊದಿಕೆ ಜಾರಿತು. ಅವನ ಹೆಂಡತಿ ಚೆನ್ನಾಜಿ.

"ನೀನಾ? ಏನೇ ಇದು?"

"ಹರಕೆ ಕಣಯ್ಯಾ. ಬಾಯಿಬಿಟ್ರೆ ಫಲ ಇಲ್ಲ ಅಂತ ಹೇಳ್ಲಿಲ್ಲ," ಅವಳು ಕೈ ಬಿಡಿಸಿಕೊಂಡಳು. "ನಿನ್ ಬಲೆ ತುಂಬ್ಲಿ ಅಂತ ಗಂಗಮ್ಮಂಗೆ ಜೀವಂತ ಮೀನು ಬಿಡ್ತಿವ್ನಿ. ಸಂತೇಲಿ ಜೀವ ಇರೋದು ಇದೊಂದೇ ಸಿಕ್ಕೋದು. ಮೊದ್ಲು ವಾರಕ್ಕೊಂದು ಬಿಡ್ತಿದ್ದೆ. ಬಲೆ ಇನ್ನೂ ಬರಿದಾಯ್ತಲ್ಲ, ಅದ್ಕೇ ಈಗ ಎರಡು."