ಹಾಡುವವರಿಗೆ ಲೈಟಿಲ್ಲ

ಪಲ್ಲವಿ ಮುಗಿಯುವ ಹೊತ್ತಿಗೆ ರಮಾಕಾಂತನಿಗೆ ಗೊತ್ತಾಯಿತು, ತಾನು ಹಾಡುತ್ತಿರುವುದು ಕತ್ತಲಲ್ಲಿ ಎಂದು. ವೇದಿಕೆಗಿದ್ದ ಒಂದೇ ಒಂದು ಸ್ಪಾಟ್‌ಲೈಟು ಎರಡು ಮಾರು ಆಚೆ ಗಿಟಾರ್ ಹಿಡಿದು ನಿಂತ ಹುಡುಗ ಕಶ್ಯಪನ ಮೇಲೆ ಬಿದ್ದಿತ್ತು. ಕಶ್ಯಪನಿಗೋ ಬಾರಿಸುವಾಗ ಹಾಡಿನ ಜೊತೆ ಬಾಯಾಡಿಸುವ ಅಭ್ಯಾಸ. ಯಾರು ನೋಡಿದರೂ ಹಾಡುತ್ತಿರುವವ ಅವನೇ ಅನ್ನಬೇಕು.

ಬೇರೆ ದಿನವಾಗಿದ್ದರೆ ರಮಾಕಾಂತ ಹೋಗಲಿ ಬಿಡು ಎನ್ನುತ್ತಿದ್ದನೋ ಏನೋ. ಎನ್ನುತ್ತಿರಲಿಲ್ಲ, ಅದು ಅವನಿಗೂ ಗೊತ್ತು. ಆದರೆ ಇಂದು ಠಾಣೆ ನಗರದ ಮಾಜಿವಾಡಾದ ಈ ಸಭಾಗೃಹದಲ್ಲಿ, ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ, ಕೋಪರಖೈರಣೆಯಿಂದ ಅತ್ತೆ ವಸಂತಿಯಮ್ಮ ಬಂದು ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಹೋಟೆಲ್ ನಡೆಸುವ ಅಳಿಯ ಐವತ್ತರ ಹತ್ತಿರ 'ಗುಡುಗು' ಎಂಬ ರಾಕ್ ಬ್ಯಾಂಡ್ ಕಟ್ಟಿದ್ದನ್ನು ಅವರು ಒಂದು ಕಾಯಿಲೆ ಎಂದೇ ತಿಳಿದಿದ್ದರು. "ಹಾಡ್ತಾರಂತೆ," ಎಂದು ನೆಂಟರ ಮುಂದೆ ನಿಟ್ಟುಸಿರು ಬಿಡುತ್ತಿದ್ದರು, ಕುಡೀತಾರಂತೆ ಅನ್ನುವ ಧಾಟಿಯಲ್ಲಿ. ಇಂದು ಮೊದಲ ಸಲ ಅವರು ತನ್ನ ಹಾಡು ಕೇಳುತ್ತಾರೆ, ಕೇಳಿ ಸೋಲುತ್ತಾರೆ ಎಂದು ರಮಾಕಾಂತ ಹೊಸ ಲೆದರ್ ಜಾಕೆಟ್ ಬೇರೆ ತೊಟ್ಟಿದ್ದ. ಅದರ ಜಿಪ್ಪು ಹೊಟ್ಟೆಯ ಹತ್ತಿರ ಬಂದು ಹಟ ಹಿಡಿದಿತ್ತು. ರಾಕಿನಲ್ಲಿ ಜಾಕೆಟ್ ತೆರೆದೇ ಇಡುವ ಕ್ರಮ ಎಂದು ಹೆಂಡತಿ ಶ್ರೀಪ್ರಿಯಾಳಿಗೆ ಹೇಳಿ ಮಾನ ಉಳಿಸಿಕೊಂಡಿದ್ದ.

ಸನ್ಮಾನಗಳು ಉದ್ದವಾಗಿ ಬ್ಯಾಂಡಿಗೆ ಸಿಕ್ಕಿದ್ದೇ ಒಂದು ಹಾಡು. ಹಾಡುವಾಗ ಬೆಳಕು ರಮಾಕಾಂತನಿಗೆ, ಕೊನೆಯಲ್ಲಿ ಗಿಟಾರ್ ಒಂದೇ ನುಡಿಯುವ ಸೋಲೋ ಬಂದಾಗ ಕಶ್ಯಪನಿಗೆ ಎಂದು ಇಬ್ಬರೂ ಜಗಳವಾಡಿ ಒಪ್ಪಂದಕ್ಕೆ ಬಂದಿದ್ದರು. ಅದನ್ನು ಲೈಟಿನ ಚೆನ್ನಯನಿಗೂ ಹೇಳಬೇಕು ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಮೊದಲ ಚರಣದಲ್ಲಿ ರಮಾಕಾಂತ ಮೈಕಿನ ಸ್ಟ್ಯಾಂಡ್ ಸಮೇತ ಮೆಲ್ಲನೆ ಬೆಳಕಿನ ಕಡೆಗೆ ಸರಿದ. ಬೆಳಕು ಕಶ್ಯಪನ ಜೊತೆಗೆ ಆಚೆ ಸರಿಯಿತು. ಎರಡನೇ ಚರಣದಲ್ಲಿ ಸ್ನೇಹ ಉಕ್ಕಿದವನಂತೆ ಕಶ್ಯಪನ ಹೆಗಲಿಗೆ ಕೈ ಹಾಕಿದ. ಬೆಳಕಿನಲ್ಲಿ ಕೈ ಮಾತ್ರ ಕಂಡಿತು.

ಅಷ್ಟರಲ್ಲಿ ಹಾಡುವುದು ಮುಗಿದು ಸೋಲೋ ಶುರುವಾಗಿಯೇ ಹೋಯಿತು. ರಮಾಕಾಂತ ನೆಟ್ಟಗೆ ವೇದಿಕೆಯ ಅಂಚಿಗೆ ಹೋಗಿ, ಕೆಳಗೆ ಲೈಟಿನ ಸ್ಟ್ಯಾಂಡ್ ಹಿಡಿದು ನಿಂತಿದ್ದ ಚೆನ್ನಯನತ್ತ ಬಗ್ಗಿದ.

"ಲೈಟ್ ಎಂತಕ್ಕೆ ಮಾರಾಯ ಅವನ ಮೇಲೆ? ಹಾಡಿದ್ದು ನಾನಲ್ವಾ?"

"ಅದಕ್ಕೇ ಅಲ್ವಾ ಮಾರಾಯ್ರೆ," ಎಂದ ಚೆನ್ನಯ. ಊರಿನಿಂದ ಬರುವ ಯಕ್ಷಗಾನ ಮೇಳಗಳಿಗೆ ಲೈಟ್ ಹಾಕಿ ಹಾಕಿ ಪಳಗಿದ ಕೈ ಅವನದು. "ಹಾಡುವವರು ಅಂದ್ರೆ ಭಾಗವತರು. ಭಾಗವತರಿಗೆ ಯಾರಾದ್ರೂ ಲೈಟ್ ಬಿಡ್ತಾರಾ? ಕುಣಿಯುವ ವೇಷಕ್ಕೆ ಬಿಡುದು. ಅವ ಕುಣೀತಾ ಇದ್ದಾನೆ, ನೋಡಿ."

"ಇದು ಯಕ್ಷಗಾನ ಅಲ್ಲ, ರಾಕ್! ನನ್ನ ಮೇಲೆ ಬಿಡು. ಬಿಟ್ಟ ಮೇಲೆ ಅಲ್ಲಾಡಿಸ್ಬೇಡ!"

"ಆಯ್ತಪ್ಪ, ನಂಗೆಂತ," ಎಂದು ಚೆನ್ನಯ ಲೈಟನ್ನು ತಿರುಗಿಸಿ ಸ್ಕ್ರೂ ಬಿಗಿದುಬಿಟ್ಟ.

ಬೆಳಕು ಬಂತು. ಹಾಡಲು ಒಂದು ಸಾಲೂ ಉಳಿದಿರಲಿಲ್ಲ. ಬಂದ ಬೆಳಕನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ನಿಂತರೆ ಮಾಡಲು ಕೆಲಸವಿಲ್ಲ. ರಮಾಕಾಂತ ಹೊಟ್ಟೆ ಒಳಗೆಳೆದುಕೊಂಡ. ಮೈಕಿನ ಸ್ಟ್ಯಾಂಡನ್ನು ಓರೆಯಾಗಿ ಎದೆಗೆ ಒತ್ತಿಕೊಂಡ. ಕತ್ತಲಲ್ಲಿ ಕಶ್ಯಪ ಜೀವ ತೇಯ್ದು ಬಾರಿಸುತ್ತಿದ್ದ. ನಾದ ಏರಿದ ಹಾಗೆ ರಮಾಕಾಂತನ ಬೆರಳುಗಳು ತಾವಾಗಿಯೇ ಸ್ಟ್ಯಾಂಡಿನ ಮೇಲೆ ಓಡತೊಡಗಿದವು, ಕಣ್ಣು ಮುಚ್ಚಿತು, ತಲೆ ತೂಗಿತು. ಸಭಾಗೃಹವಿಡೀ ಚಪ್ಪಾಳೆ ತಟ್ಟಿದಾಗ, ದೇವರಾಣೆಗೂ ಬೇಕೆಂದು ಮಾಡಿದ್ದಲ್ಲ, ಅವನು ಬಗ್ಗಿ ನಮಸ್ಕರಿಸಿದ. ನಾಚಿಕೆಯಾಯಿತು. ಚಪ್ಪಾಳೆ ನಿಲ್ಲಲಿಲ್ಲವಾದ್ದರಿಂದ ಇನ್ನೊಮ್ಮೆ ಬಗ್ಗಿದ.

ಊಟದ ಸಾಲಿನಲ್ಲಿ ಅತ್ತೆ ಇಬ್ಬರನ್ನೂ ಹಿಡಿದರು. ಅವರಿಗೆ ದೂರದ್ದು ಕಾಣುವುದು ಅಷ್ಟಕ್ಕಷ್ಟೆ. ಮೇಲಾಗಿ ಮೈಕಿನಲ್ಲಿ ರಮಾಕಾಂತನ ಗಂಟಲಿಗೆ ಬರುವ ಎಳೆಪ್ರಾಯ ಮನೆಯ ಮಾತಿನಲ್ಲಿ ಬಂದದ್ದೇ ಇಲ್ಲ.

"ಎಂಥಾ ಕಂಠ ಮಗಾ ನಿಂದು!" ಎಂದು ಅವರು ಕಶ್ಯಪನ ಗಲ್ಲ ಸವರಿದರು. ಅಳಿಯನ ಕಡೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. "ನೀವು ಗಿಟಾರ್ ಬಾರಿಸಿದ್ದೂ ಭಾರೀ ಲಾಯ್ಕ ಆಯ್ತು. ಇಂಥಾ ವಿದ್ಯೆ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಏನೇನೋ ಹೇಳಿದ್ದೆ, ಮನಸ್ಸಿಗೆ ಹಾಕ್ಕೊಳ್ಬೇಡಿ."

"ಅಜ್ಜಿ, ಗಾನಾ ತೋ ಅಂಕಲ್ ನೇ..." ಎಂದು ಠಾಣೆಯಲ್ಲೇ ಹುಟ್ಟಿ ಬೆಳೆದ ಕಶ್ಯಪ, ಹಾಡಿದ್ದು ಯಾರೆಂದು ಹಿಂದಿಯಲ್ಲೇ ಹೇಳಲು ಶುರುಮಾಡಿದ. ರಮಾಕಾಂತ ಅವನ ಕಾಲು ತುಳಿದ. ಮದುವೆಯಾದಂದಿನಿಂದ ಕಾದು ಕಾದು ಸಿಕ್ಕ ಮೆಚ್ಚುಗೆ. ಇನ್ನೊಬ್ಬನದಾದರೇನು, ಕೈಗೆ ಬಂದದ್ದನ್ನು ಹಿಂದೆ ಕೊಡುವಷ್ಟು ದೊಡ್ಡ ಮನುಷ್ಯ ಅವನಲ್ಲ.

"ಎಲ್ಲ ದೇವರು ಕೊಟ್ಟದ್ದು, ಅತ್ತೆ," ಎಂದ. ಪಕ್ಕದಲ್ಲಿದ್ದ ಶ್ರೀಪ್ರಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದಳು.

"ಹಾಗಾದ್ರೆ ಆದಿತ್ಯವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆಗೆ ಗಿಟಾರ್ ತನ್ನಿ. ನಮ್ಮ ಬಿಲ್ಡಿಂಗಿನ ಸೊಸೈಟಿಯವರಿಗೆಲ್ಲ ಆಗಲೇ ಫೋನ್ ಮಾಡಿ ಹೇಳಿಯಾಯ್ತು."

ರಮಾಕಾಂತನಿಗೆ ಜಾಕೆಟಿನ ಒಳಗೆ ಬೆವರು ಹರಿಯಿತು. ಗಿಟಾರನ್ನು ಯಾವ ಕಡೆಯಿಂದ ಹಿಡಿಯುವುದು ಎಂಬುದೂ ಅವನಿಗೆ ಸರಿಯಾಗಿ ಗೊತ್ತಿಲ್ಲ. "ಗಿಟಾರ್ ಎಲ್ಲ ಯಾಕೆ ಅತ್ತೆ, ಪೂಜೆಯ ಮನೇಲಿ ಗಲಾಟೆ," ಎಂದ ತಡವರಿಸುತ್ತ. "ಬೇಕಾದ್ರೆ ನಾನೇ ಒಂದು ಹಾಡು ಹಾಡ್ತೇನೆ."

ಅತ್ತೆ ಗಾಬರಿಯಿಂದ ಅಳಿಯನ ಕೈ ಹಿಡಿದುಕೊಂಡರು.

"ಅಯ್ಯೋ, ಬೇಡ! ಬಂದ ಹೆಸರು ಯಾಕೆ ಕೆಡಿಸ್ಕೊಳ್ತೀರಿ? ಹಾಡ್ಲಿಕ್ಕೆ ಈ ಹುಡುಗನ ಹಾಗೆ ಕಂಠ ಬೇಕು."