ನಾಲ್ಕನೆಯ ಗಿಟಾರ್

ಹಳೇ ದುಪ್ಪಟಿಯ ಗಂಟು ಬಿಚ್ಚಿ ಮುತ್ಯಾಲಮ್ಮ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಮುಖ್ತಿಯಾರನ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದಳು. ಮುಳಬಾಗಿಲಿನ ಆ ಸಣ್ಣ ಅಂಗಡಿಗೆ ಸುತ್ತಲ ಊರುಗಳ ಭಜನೆ ಮನೆಯ ಹಾರ್ಮೋನಿಯಂ, ಮದುವೆ ಮನೆಯ ಮೈಕ್ ಸೆಟ್ಟು ಎಲ್ಲವೂ ರಿಪೇರಿಗೆ ಬರುತ್ತವೆ. ಗಿಟಾರ್ ಹೊತ್ತು ತರುವವಳು ಇವಳೊಬ್ಬಳೇ.

“ಇದೇ ಕಣಪ್ಪ. ಈ ಸಲ ತಪ್ಪಿಲ್ಲ. ನೀನೊಂದು ಸಲ ಸರ್ಯಾಗಿ ನೋಡಿ, ನನ್ ಮಗಳದೇ ಅಂತ ಹೇಳ್ಬಿಡು.”

“ಇದು ನಾಲ್ಕನೇದು ಸಾಬ್ರೇ,” ಎಂದ ಅವಳ ಗಂಡ ವೆಂಕಟರಾಯಪ್ಪ, ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸುತ್ತ. “ಕೋಲಾರದ ಗುಜರಿಯೋನು ಇವ್ಳ ಮುಖ ಕಂಡ್ರೆ ಸಾಕು, ಒಳಗಿಂದ ಒಂದು ಎತ್ಕೊಂಡ್ ಬರ್ತಾನೆ. ಇನ್ನೊಂದೆರಡು ಸೇರಿದ್ರೆ ನಮ್ಮನೇಲೇ ಆರ್ಕೆಸ್ಟ್ರಾ ಇಕ್ಕಬೋದು.”

ಮೊದಲ ಮೂರು ಬಣ್ಣದಲ್ಲೋ ಅಳತೆಯಲ್ಲೋ ಸೋತಿದ್ದವು. ಇದು ಎರಡರಲ್ಲೂ ಗೆದ್ದಿತ್ತು. ಮುಖ್ತಿಯಾರ್ ಗಿಟಾರನ್ನು ತಿರುಗಿಸಿ ತಿರುಗಿಸಿ ನೋಡಿದ. ಕತ್ತಿನ ತುದಿಯಲ್ಲಿ ಕಂಪನಿಯ ಹೆಸರು ಇರಬೇಕಾದ ಜಾಗವನ್ನು ಯಾರೋ ಉಪ್ಪುಕಾಗದದಿಂದ ಉಜ್ಜಿಹಾಕಿದ್ದರು.

“ಹೆಸ್ರೇ ಇಲ್ವಲ್ಲಮ್ಮ. ಮಾಡಿದೋನೇ ನಾಚ್ಕೊಂಡು ಅಳಿಸ್ಬಿಟ್ನೇನೋ. ಇಂಥವು ಒಂದೇ ಅಚ್ಚಲ್ಲಿ ಸಾವ್ರಾರು ಬಂದವೆ.”

“ಕುಂಕುಮ ನೋಡು, ಆ ತಿರುಪಿನ ಸಂದೀಲಿ. ಆಯುಧಪೂಜೆ ದಿನ ನಾನೇ ಇಟ್ಟಿದ್ದು.”

“ನಮ್ಮ ಕಡೆ ಯಾರು ಇಡಲ್ಲಮ್ಮ? ಪಕ್ಕದಂಗ್ಡಿಯೋರು ನನ್ ಸ್ಕ್ರೂಡ್ರೈವರ್‌ಗೂ ಇಟ್ಟು ಹೋಗವ್ರೆ, ನೋಡಿ.”

ಮುತ್ಯಾಲಮ್ಮ ಆ ಸ್ಕ್ರೂಡ್ರೈವರನ್ನು ನೋಡಿದಳು. ಅದರ ಹಿಡಿಯ ಮೇಲೂ ಅದೇ ಕೆಂಪು.

ಮಗಳು ಆಶಾರಾಣಿ ನರಸಾಪುರದ ಒಂದು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸಾಲಾಗಿ ಕೂತ ಹುಡುಗಿಯರ ನಡುವೆ ಕೂತು ಸಣ್ಣ ಸಣ್ಣ ತಂತಿಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಹೋದ ವರ್ಷ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಸತ್ತವರ ವಸ್ತು ಮನೆಯಲ್ಲಿ ಉಳಿದರೆ ಅವರಿಗೆ ಮುಂದಿನ ದಾರಿ ಕಾಣುವುದಿಲ್ಲ ಎಂದರು ಹಿರಿಯರು. ಹನ್ನೊಂದನೆಯ ದಿನ ಹಾಸಿಗೆ, ತಟ್ಟೆ, ಬಟ್ಟೆಗಳ ಜೊತೆ ಗಿಟಾರನ್ನೂ ಕಟ್ಟಿ, ಯಾರೋ ಊರೂರು ತಿರುಗುವವನ ಕೈಗೆ ಮುತ್ಯಾಲಮ್ಮನೇ ಕೊಟ್ಟಳು. ಕೊಡುವಾಗ ಕೈ ನಡುಗಬಾರದು ಎಂದಿದ್ದರು. ನಡುಗಿರಲಿಲ್ಲ.

“ಕರೆಂಟಿಲ್ದೆ ಅದು ಬರೀ ಹಲಗೆ ಅನ್ಕೊಂಡು ಕೊಟ್ಬಿಟ್ಟೆ ಕಣಪ್ಪ,” ಎಂದಳು. “ನಮ್ಗೆ ತೊಂದ್ರೆ ಆಗ್ಬಾರ್ದು ಅಂತ ಕಿವಿಗೆ ವೈರ್ ಸಿಗಿಸ್ಕೊಂಡು ಒಬ್ಳೇ ಬಾರಿಸ್ಕೊಳ್ಳೋಳು. ಬೆರಳು ಆಡೋದು ಕಾಣೋದು. ದನಿ ಮಾತ್ರ ನಂಗೊಂದಿನಾನೂ ಕೇಳಿಸ್ಲಿಲ್ಲ.”

ಅವಳು ನೀರು ಕುಡಿಯಲು ಮೂಲೆಯ ಮಡಕೆಯ ಹತ್ತಿರ ಹೋದಾಗ ವೆಂಕಟರಾಯಪ್ಪ ಎದ್ದು ಬಂದು ಮೇಜಿನ ಮೇಲೆ ಬಾಗಿದ.

“ಹೌದು ಅಂದ್ಬಿಡಿ ಸಾಬ್ರೇ. ಅಲೆದೂ ಅಲೆದೂ ಕಾಲು ಊದ್ಕೊಂಡವೆ ಅವ್ಳಿಗೆ. ನಿಮ್ ದೇವ್ರು ಕೇಳಿದ್ರೆ, ಆ ಸುಳ್ಳು ನಂದು ಅಂತ ನಾನು ಹೇಳ್ಕೊಂತೀನಿ.”

ಮುಖ್ತಿಯಾರ್ ಅವರು ಬರುವ ಸ್ವಲ್ಪ ಮುಂಚೆ ನಮಾಜು ಮುಗಿಸಿ ಬಂದಿದ್ದ. ಗಿಟಾರಿನ ಹಿಂಬದಿಯ ತಗಡಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಯದನ್ನು ಬಿಚ್ಚುವ ಹೊತ್ತಿಗೆ ಹೌದೆನ್ನುವುದೆಂದು ನಿರ್ಧರಿಸಿದ್ದ. ತಗಡು ಎತ್ತಿದ. ವೈರುಗಳು ಕೂಡುವ ಕಡೆಯೆಲ್ಲ ಬೆಸುಗೆಯ ಕಪ್ಪನೆಯ ದಪ್ಪ ಉಂಡೆಗಳು.

“ಅಮ್ಮಾ, ಇದು ನಿಮ್ಮ—”

ಅಷ್ಟರಲ್ಲಿ ಮುತ್ಯಾಲಮ್ಮ ಅವನ ಭುಜದ ಪಕ್ಕದಿಂದ ಬಗ್ಗಿ ನೋಡುತ್ತಿದ್ದಳು.

“ಆಶಾ ಹಿಂಗೆ ಹಾಕಲ್ಲ,” ಎಂದಳು. “ವೈರ್ ಕಿತ್ತೋದಾಗ ನನ್ ಎದುರ್ಗೇ ಬೆಸೆದ್ಲು. ‘ಎಳ್ಳುಕಾಳಿನಷ್ಟು ಐತೆ ನೋಡಮ್ಮ, ನಮ್ ಲೈನಲ್ಲಿ ಇನ್ಯಾರ್ಗೂ ಬರಲ್ಲ’ ಅಂದ್ಲು. ಇದು ಇಲಿ ಹಿಕ್ಕೆ ಇದ್ದಂಗೈತೆ.”

ಅವಳ ದನಿಯಲ್ಲಿ ಒಂದು ಗಳಿಗೆ ಹೆಮ್ಮೆಯಿತ್ತು. ಆಮೇಲೆ ಏನೂ ಇರಲಿಲ್ಲ. ವೆಂಕಟರಾಯಪ್ಪ ತಿರುಗಿ ಬೀದಿಯ ಕಡೆ ಮುಖ ಮಾಡಿ ನಿಂತ.

ಮುಖ್ತಿಯಾರ್ ತಿರುಪುಗಳನ್ನು ಎತ್ತಿಕೊಂಡ. ತಗಡು ಮುಚ್ಚಿದ. ಮಗಳದಲ್ಲದಿದ್ದರೂ ಇಂಥ ಗಿಟಾರಿನ ದನಿಯನ್ನಾದರೂ ಕೇಳಿಕೊಂಡು ಹೋಗಲಿ ಎಂದು ವೈರ್ ಚುಚ್ಚಿ ಸ್ಪೀಕರಿನ ಸ್ವಿಚ್ ಹಾಕಿದ. ಯಾರೂ ತಂತಿ ಮೀಟದಿದ್ದರೂ ಅದು ಊಂ ಎಂದು ಒಂದೇ ಸಮನೆ ಕೊರಗತೊಡಗಿತು. ಮುತ್ಯಾಲಮ್ಮ ಗಾಬರಿಯಿಂದ ತಂತಿಗಳ ಮೇಲೆ ಅಂಗೈ ಇಟ್ಟಳು. ಸದ್ದು ತಟ್ಟನೆ ನಿಂತಿತು. ಕೈ ಎತ್ತಿದಳು. ಮತ್ತೆ ಊಂ ಎಂದಿತು.

“ಯಾಕಪ್ಪ ಹಿಂಗೆ?”

“ಅಗ್ಗದ ಮಾಲಮ್ಮ, ಒಳಗೆ ಅರ್ಥಿಂಗ್ ಸರಿಯಿಲ್ಲ. ಮನುಷ್ಯರ ಕೈ ಬಿದ್ರೆ ಸುಮ್ನಾಗುತ್ತೆ. ತೆಗೆದ್ರೆ ಶುರು.”

ಅವಳು ಕೈಯನ್ನು ಮತ್ತೆ ತಂತಿಗಳ ಮೇಲಿಟ್ಟಳು.

“ನಡಿಯೇ, ಬಸ್ಸಿನ ಹೊತ್ತಾಯ್ತು,” ಎಂದ ವೆಂಕಟರಾಯಪ್ಪ, ಬೀದಿಯನ್ನೇ ನೋಡುತ್ತ. “ಪೋನೀ, ಹೋಗ್ಲಿ ಬಿಡೇ. ನಮ್ದಲ್ವಲ್ಲ.”

“ಅಲ್ಲ,” ಎಂದಳು ಮುತ್ಯಾಲಮ್ಮ, ಕೈ ತೆಗೆಯದೆ. “ನಮ್ದು ಎಲ್ಲಿ ಕೂಗ್ಕೊಂತಾ ಬಿದ್ದೈತೋ.”